ರೇಟು ನಂದಲ್ಲ, ಕೊಸರು ನಂದು

ಆಕೆಯ ಬಲಗೈಯಲ್ಲಿ ಆರು ಬೆರಳಿದ್ದವು. ಕಿರುಬೆರಳಿನ ಬುಡದಿಂದ ಹೊರಕ್ಕೆ ಚಾಚಿಕೊಂಡಿದ್ದ ಆರನೆಯದು ಶೇಂಗಾಕಾಯಿಯಷ್ಟಿತ್ತು, ತುದಿಯಲ್ಲೊಂದು ಪುಟ್ಟ ಉಗುರು. ಬೇರೆಯವರಾಗಿದ್ದರೆ ಸೆರಗಿನಲ್ಲಿ ಮುಚ್ಚಿಟ್ಟುಕೊಳ್ಳುತ್ತಿದ್ದರು. ಈಕೆ ಅದಕ್ಕೊಂದು ಬೆಳ್ಳಿ ಉಂಗುರ ತೊಡಿಸಿದ್ದಳು. ಕೊತ್ತಂಬರಿಗೆ ನೀರು ಚಿಮುಕಿಸುವಾಗ, ಬದನೆಕಾಯಿ ಆರಿಸುವಾಗ ಉಂಗುರ ಮಿಂಚುತ್ತಿತ್ತು, ಸೇಡಂ ರಸ್ತೆಯಲ್ಲಿ ಹೋಗುವವರ ಕಣ್ಣು ಮೊದಲು ಅಲ್ಲಿಗೇ ಬೀಳುತ್ತಿತ್ತು. ಮಂದಿಗೆಲ್ಲ ಕೊಸರು ಹಾಕುವ ಆಕೆಗೆ ದೇವರು ಕೂಡ ಕೊಸರು ಹಾಕಿಯೇ ಕಳಿಸಿದ್ದ. ನನಗೆ ಮಾತ್ರ ಎಣಿಸಿ ಐದೈದೇ ಕೊಟ್ಟಿದ್ದ.

ಆಸ್ಪತ್ರೆಗಳ ಸಾಲು ಮುಗಿದು ಬಡಾವಣೆಗಳು ಶುರುವಾಗುವ ಕಡೆ ಕಾಯಿಪಲ್ಲೆಯವರು ಮಧ್ಯಾಹ್ನದ ಮೇಲೆ ಕೂಡುತ್ತೇವೆ. ನನ್ನದು ತಳ್ಳುಬಂಡಿ. ನಾಲ್ಕು ಗಾಲಿ, ಮೇಲೊಂದು ನೀಲಿ ತಾಡಪತ್ರಿ, ಬ್ಯಾಟರಿಯ ತಕ್ಕಡಿ. ಆಕೆ ಪಕ್ಕದಲ್ಲೇ ನೆಲದ ಮೇಲೆ ಗೋಣಿತಟ್ಟು ಹಾಸಿಕೊಂಡು ಕೂರುತ್ತಿದ್ದಳು. ಕಮಲಾಪುರದಿಂದ ಟೆಂಪೋದಲ್ಲಿ ಬರುವಾಗ ದಾರಿಯಲ್ಲಿ ಮಹಾಗಾಂವದಲ್ಲಿ ಇಳಿದು ಮೆಂತ್ಯ, ಪುಂಡಿಪಲ್ಯದಂಥ ಸೊಪ್ಪು ಹತ್ತಿಸಿಕೊಂಡು ಬರುತ್ತಿದ್ದಳು. ಉಳ್ಳಾಗಡ್ಡಿ, ಬಟಾಟಿಯೂ ಆಕೆಯ ಹತ್ತಿರವೇ ಇರುತ್ತಿದ್ದವು, ನಾನು ಅವನ್ನು ಇಡುತ್ತಿರಲಿಲ್ಲ. ಎಲ್ಲರ ಬಾಯಲ್ಲಿ ಆಕೆ ಕಮಲಾಪುರದಾಕಿ. ನಾನು ಎದುರಿಗೆ ಅಕ್ಕಾ ಅನ್ನುತ್ತಿದ್ದೆ, ಮನೆಗೆ ಹೋದ ಮೇಲೆ ಏನನ್ನುತ್ತಿದ್ದೆ ಎನ್ನುವುದು ನನ್ನ ಗಂಡನಿಗೆ ಗೊತ್ತು.

ಸುಳ್ಳು ಯಾಕೆ ಹೇಳಲಿ, ಆಕೆಯನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತಿತ್ತು. ಗಿರಾಕಿಗಳು ನನ್ನ ಬಂಡಿಯನ್ನು ದಾಟಿಕೊಂಡೇ ಆಕೆಯ ಹತ್ತಿರ ಹೋಗಬೇಕಿತ್ತು, ದಾಟಿಕೊಂಡು ಹೋಗುತ್ತಲೂ ಇದ್ದರು. ನನ್ನ ಬೆಂಡೆಕಾಯಿ ಎಳೆಯದು, ನನ್ನ ತೂಕದಲ್ಲಿ ಮೋಸವಿಲ್ಲ, ನಾನು ನಿಂತು ಕೊಡುತ್ತೇನೆ. ಆಕೆಯ ಮುಂದೆ ಗಿರಾಕಿ ಕುಕ್ಕರಗಾಲಲ್ಲಿ ಕೂರಬೇಕು. ಆದರೂ ಕೂರುತ್ತಿದ್ದರು. ಮಂಡಿನೋವಿನ ಮುದುಕಿಯರೂ ಕೂರುತ್ತಿದ್ದರು! ಸೊಸೆಗೆ ಎಷ್ಟನೇ ತಿಂಗಳು, ಅತ್ತೆಯ ಕಣ್ಣಿನ ಪೊರೆ ತೆಗೆಸಿದ್ದು ಏನಾಯಿತು ಎಂದು ಆಕೆ ಒಬ್ಬೊಬ್ಬರನ್ನೂ ವಿಚಾರಿಸುವಳು. ಕಡೆಗೆ ದುಡ್ಡು ಉಡಿಗೆ ಸೇರಿದ ಮೇಲೆ ಆರು ಬೆರಳಿನ ಕೈ ರಾಶಿಯ ಕಡೆ ಹೋಗಿ, ಎರಡು ಹಸಿಮೆಣಸಿನಕಾಯಿಯೋ ಒಂದು ಎಸಳು ಕರಿಬೇವೋ ಚೀಲಕ್ಕೆ ಬೀಳುತ್ತಿತ್ತು. ಅಷ್ಟಕ್ಕೇ ಮಂದಿ ಬಂಗಾರ ಸಿಕ್ಕ ಹಾಗೆ ಮುಖ ಅರಳಿಸಿಕೊಂಡು ಏಳುತ್ತಿದ್ದರು.

ಇದೆಲ್ಲ ಹೇಗೋ ಸಹಿಸಿಕೊಂಡು ಬಂದಿದ್ದೆ. ಟೊಮೆಟೊ ತುಟ್ಟಿಯಾದ ವರ್ಷ ಸಹಿಸಲು ಆಗಲಿಲ್ಲ.

ಆ ಬೇಸಿಗೆಯಲ್ಲಿ ಕೇಳುವವರಿಲ್ಲದೆ ರೈತರು ಟೊಮೆಟೊವನ್ನು ಎಮ್ಮೆಗಳ ಮುಂದೆ ಸುರಿದಿದ್ದನ್ನು ನಾವೇ ನೋಡಿದ್ದೆವು. ಮಳೆ ಹಿಡಿದ ಮೇಲೆ ಎಲ್ಲಿ ಏನಾಯಿತೋ, ನೋಡುನೋಡುತ್ತ ಅದೇ ಟೊಮೆಟೊ ಮುಟ್ಟಿದರೆ ಕೈ ಸುಡುವ ಹಾಗಾಯಿತು. ಕಿಲೋಗಟ್ಟಲೆ ಒಯ್ಯುತ್ತಿದ್ದವರು ನಾಲ್ಕು ಹಣ್ಣು ಕೇಳತೊಡಗಿದರು. ಒಳ್ಳೆಯ ಸಂಬಳದ ಕೆಲಸದಲ್ಲಿದ್ದ ಒಬ್ಬಾಕೆ ಎರಡು ಹಣ್ಣು ಕೈಯಲ್ಲಿ ಹಿಡಿದು, ತಿರುಗಿಸಿ ನೋಡಿ, ಒಂದನ್ನು ಮತ್ತೆ ರಾಶಿಗೆ ಇಟ್ಟಳು. ಖಾನಾವಳಿಯವರು ಟೊಮೆಟೊ ಚಟ್ನಿ ಬಿಟ್ಟುಬಿಟ್ಟರು. ಟೊಮೆಟೊಗೆ ಹೋದ ದುಡ್ಡು ಬೇರೆ ಕಾಯಿಪಲ್ಲೆಗೆ ಬರಲಿಲ್ಲ, ನನ್ನ ಬೆಂಡೆಕಾಯಿ, ಹೀರೇಕಾಯಿ ಬಂಡಿಯ ಮೇಲೇ ಬಾಡಿದವು. ರೇಟು ನಾವೇ ಕೂತು ಏರಿಸಿದ ಹಾಗೆ ಗಿರಾಕಿಗಳು ನಮ್ಮ ಮುಖ ದುರುಗುಟ್ಟಿ ನೋಡುತ್ತಿದ್ದರು. ನಮ್ಮ ಮನೆಯ ಕಥೆ ಅವರಿಗೇನು ಗೊತ್ತು?

"ಬಂಡಿ ತುಂಬ ಟಮಾಟಿ ಇಟ್ಕೊಂಡು ನಮಗ್ಯಾಕ ಬರೇ ಹುಣಸಿಹಣ್ಣಿನ ಸಾರು?" ಎಂದು ಮಗಳು ತಟ್ಟೆಯ ಮುಂದೆ ಮುಖ ತಿರುವಿದಳು.

"ಮಾರೋದು ಬ್ಯಾರೆ, ಉಣ್ಣೋದು ಬ್ಯಾರೆ. ಸುಮ್ಮ ಉಣ್ಣು," ಎಂದೆ.

ನಾನು ಕೊಸರು ಬಂದ್ ಮಾಡಿದೆ. ಗಿರಾಕಿ ಬಾಯಿ ತೆರೆಯುವ ಮುಂಚೆಯೇ, "ತೂಕ ಪಕ್ಕಾ ಅದ್ರಿ, ಮ್ಯಾಲ ಮಾತ್ರ ಕೇಳಬ್ಯಾಡ್ರಿ," ಎನ್ನುತ್ತಿದ್ದೆ. ಇದರಲ್ಲಿ ತಪ್ಪೇನಿತ್ತು? ಆಕೆಯ ಹತ್ತಿರ ತಕ್ಕಡಿಯೇ ಇರಲಿಲ್ಲ, ಗುಂಪಿ ಹಚ್ಚಿ, ಸಣ್ಣ ಸಣ್ಣ ರಾಶಿ ಮಾಡಿ ಮಾರುತ್ತಿದ್ದಳು. ರೇಟು ಏರಿದಂತೆ ಗುಂಪಿ ಸಣ್ಣದಾಯಿತು. ಅದನ್ನು ಮುಚ್ಚಿಡುತ್ತಲೂ ಇರಲಿಲ್ಲ.

"ಗುಂಪಿ ಸಣ್ಣದಾಗ್ಯದ ಯವ್ವಾ, ಸುಳ್ಳು ಹೇಳಂಗಿಲ್ಲ. ರೇಟು ನಂದಲ್ಲ, ಕೊಸರು ನಂದು," ಎನ್ನುತ್ತ ಆ ಬೆಂಕಿಯಂಥ ತುಟ್ಟಿಯಲ್ಲೂ ಒಂದು ಟೊಮೆಟೊ ತೆಗೆದು ಚೀಲಕ್ಕೆ ಹಾಕುತ್ತಿದ್ದಳು.

ಕೋಟೆ ಕಡೆಯಿಂದ ಬಂದು ನಮ್ಮ ರಸ್ತೆಯ ಆಸ್ಪತ್ರೆಯೊಂದರಲ್ಲಿ ನರ್ಸ್ ಕೆಲಸ ಮಾಡುವ ಒಬ್ಬರಿದ್ದರು, ನಾವೆಲ್ಲ ಆಪಾ ಎನ್ನುತ್ತಿದ್ದೆವು. ಲೆಕ್ಕದ ಹೆಂಗಸು, ಚಿಲ್ಲರೆಯನ್ನು ಎರಡು ಸಲ ಎಣಿಸುವವರು. ಒಂದು ಸಂಜೆ ಅವರು ಕಮಲಾಪುರದಾಕಿಯ ಟೊಮೆಟೊ ಗುಂಪಿ ಕೊಂಡು ನನ್ನ ಬಂಡಿಯ ಮುಂದೆ ಹಾಯುವಾಗ ಕರೆದು, ಚೀಲ ಇಸಕೊಂಡು ನನ್ನ ತಕ್ಕಡಿಯ ಮೇಲೆ ಇಟ್ಟೆ. ನಾನು ಅಂದುಕೊಂಡ ಹಾಗೆಯೇ ಆಯಿತು. ಕೊಸರು ಸೇರಿಸಿದರೂ ತೂಕ ಕಮ್ಮಿಯೇ.

"ನೋಡ್ರಿ ಆಪಾ, ಅಷ್ಟೇ ರೊಕ್ಕಕ್ಕ ನನ್ನ ಕಡೆ ತಗೊಂಡಿದ್ರ ಇನ್ನೆರಡು ಹಣ್ಣು ಜಾಸ್ತಿ ಬರ್ತಿದ್ವು," ಎಂದೆ. ಆಕೆಗೂ ಕೇಳಲಿ ಎಂದು ಜೋರಾಗಿಯೇ ಅಂದೆ.

ಆಪಾ ಚೀಲ ಎತ್ತಿಕೊಂಡರು. "ಮಾಲೂಮ್ ಹೈ ಅಕ್ಕಾ, ಗೊತ್ತದ. ಗ್ಯಾಸಿನಾವ, ಆಟೊದಾವ, ಮನಿ ಬಾಡಿಗಿಯಾವ, ಎಲ್ಲಾರೂ ಕಸ್ಕೊಳ್ಳೋರೇ ಆಗ್ಯಾರ. ಇಕಿ ಒಬ್ಬಾಕಿ ಮ್ಯಾಲ ಒಂದು ಹಾಕ್ತಾಳ. ದಿಲ್ ಕು ತಸಲ್ಲಿ ಮಿಲ್ತಿ, ಮನಸಿಗಿ ಸಮಾಧಾನ ಆಗ್ತದ."

ತಸಲ್ಲಿಯನ್ನು ನಾನು ಯಾವ ತಕ್ಕಡಿಯಲ್ಲಿ ತೂಗಿ ತೋರಿಸಲಿ? ಗೋಣಿತಟ್ಟಿನ ಕಡೆ ನೋಡಿದೆ. ಎಲ್ಲ ಕೇಳಿಸಿಕೊಂಡಿದ್ದರೂ ಕೇಳದವಳ ಹಾಗೆ ಮೆಂತ್ಯದ ಸಿವುಡು ಬಿಚ್ಚುತ್ತ ಕೂತಿದ್ದಳು. ಒಂದು ಮಾತು ತಿರುಗಿ ಆಡಿದ್ದರೆ ಜಗಳವಾಡಿ ಹಗುರಾಗಬಹುದಿತ್ತು. ಆ ಸುಖವನ್ನೂ ಕೊಡಲಿಲ್ಲ.

ಆಗ ನನಗೆ ಹಟ ಹಿಡಿಯಿತು. ಆಕೆ ಒಂದು ಹಾಕಿದರೆ ನಾನು ಎರಡು ಹಾಕುತ್ತೇನೆ. ಆಟೊ ಓಡಿಸುವ ಗಂಡ ಹೊಸ ಟೈರಿಗೆಂದು ತೆಗೆದಿಟ್ಟ ದುಡ್ಡನ್ನು ಕೇಳಿ ಪಡೆದು, ಬೆಳಗಿನ ಹರಾಜಿನ ಸವಾಲಿಗೆ ಹೋಗಿ, ಏರಿದ ರೇಟಿನಲ್ಲೇ ಕ್ರೇಟಿನ ಮೇಲೆ ಕ್ರೇಟು ಟೊಮೆಟೊ ಹಿಡಿದೆ. ಇನ್ನೂ ಏರುತ್ತದೆ ಎಂದು ದಲಾಲಿ ಹೇಳಿದ್ದ, ನನ್ನ ಹೊಟ್ಟೆಕಿಚ್ಚು ಅದಕ್ಕೆ ಹೂಂ ಅಂದಿತ್ತು. ಆಟೊದಲ್ಲಿ ಹೇರುವಾಗ ಗಂಡ ಕೇಳಿದ, "ಏನು, ಯಾರದಾರೆ ಲಗ್ನದ ಅಡಗಿ ಹಿಡದೀ ಏನು?"

ಮೊದಲ ಸಂಜೆ ನನ್ನ ಬಂಡಿಯ ಸುತ್ತ ಮಂದಿಯೋ ಮಂದಿ. ಪಕ್ಕಾ ತೂಕ, ಮೇಲೆ ಎರಡು ಹಣ್ಣು. ಗೋಣಿತಟ್ಟಿನ ಮುಂದೆ ಯಾರೂ ಕುಕ್ಕರಗಾಲಲ್ಲಿ ಕೂತಿರಲಿಲ್ಲ. ಆಕೆ ಸೊಪ್ಪಿಗೆ ನೀರು ಚಿಮುಕಿಸುತ್ತ ಆಗಾಗ ನನ್ನ ಕಡೆ ನೋಡುತ್ತಿದ್ದಳು. ಅಷ್ಟು ಚೆಂದದ ಸಂಜೆ ನನ್ನ ವ್ಯಾಪಾರದಲ್ಲಿ ಇನ್ನೊಂದು ಬಂದಿಲ್ಲ.

ಆಮೇಲೆ ರೇಟು ಬಿತ್ತು. ಏರುವಾಗ ಹೇಗೆ ಕಾರಣ ಹೇಳದೆ ಏರಿತ್ತೋ ಹಾಗೆಯೇ ಬಿತ್ತು. ಯಾವ ಯಾವ ಊರಿನಿಂದಲೋ ಲಾರಿಗಳು ಬಂದವಂತೆ. ತುಟ್ಟಿ ಕಾಲದಲ್ಲಿ ನಾಲ್ಕಾದರೂ ಹಣ್ಣು ಒಯ್ಯುತ್ತಿದ್ದವರು ಈಗ ಅದನ್ನೂ ಒಯ್ಯಲಿಲ್ಲ. "ಇನ್ನೂ ಇಳೀತದಂತ, ನಾಳಿ ನೋಡ್ತೀವಿ," ಎನ್ನುತ್ತ ಬರಿಗೈಯಲ್ಲಿ ಮುಂದೆ ಹೋದರು. ಮಳೆಗಾಲದ ಕಾವಿಗೆ ಕ್ರೇಟಿನ ಅಡಿಯ ಹಣ್ಣು ಮೆತ್ತಗಾಗಿ ನೀರು ಬಿಡತೊಡಗಿತು. ಕೊಂಡ ರೇಟಿಗೆ ಮಾರುವ ಹಾಗಿಲ್ಲ, ಹೊಸ ರೇಟಿಗೆ ಕೊಟ್ಟರೆ ನಾಳೆಯ ಮಾಲಿಗೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ಟೈರು ಸವೆದ ಆಟೊ ಮನೆಯ ಮುಂದೆ ನಿಂತಿತ್ತು. ಇನ್ನು ಬಂಡಿಯೂ ಅದರ ಪಕ್ಕ ನಿಲ್ಲುವುದೊಂದೇ ಬಾಕಿ. ಬಂಡಿ ಒಂದು ವಾರ ಬರದಿದ್ದರೆ ಆ ಜಾಗದಲ್ಲಿ ಇನ್ನೊಬ್ಬರು ಬಂದು ನಿಲ್ಲುತ್ತಾರೆ, ಅಲ್ಲಿಗೆ ನನ್ನ ವ್ಯಾಪಾರ ಮುಗಿದ ಹಾಗೆಯೇ.

ಆಕೆಗೆ ಏನೂ ಹೇಳಿರಲಿಲ್ಲ. ಹೇಳಿ ಆಕೆಯನ್ನು ಖುಷಿಪಡಿಸಲು ನನಗೇನು ಹುಚ್ಚೇ? ಆದರೆ ಪಕ್ಕದಲ್ಲೇ ಕೂತವಳಿಗೆ ಕಣ್ಣಿರಲಿಲ್ಲವೇ? ನಾನು ಫೋನಿನಲ್ಲಿ ಗಂಡನ ಬೈಗುಳ ಕೇಳುತ್ತಿದ್ದಾಗ ಎದ್ದು ಬಂದು ಒಂದು ಹಣ್ಣು ಒತ್ತಿ ನೋಡಿದಳು. ಕ್ರೇಟಿನ ಅಂಚು ಹಿಡಿದು ದರದರ ತನ್ನ ಗೋಣಿತಟ್ಟಿಗೆ ಎಳೆದುಕೊಂಡು ಹೋದಳು. ನಾನು ಫೋನಿಟ್ಟು ತಿರುಗಿ ನೋಡುವಷ್ಟರಲ್ಲಿ, ಮೆಂತ್ಯ ಕೊಂಡವರಿಗೆ, ಬದನೆಕಾಯಿ ಕೊಂಡವರಿಗೆ, ಬರೀ ಮಾತಾಡಿಸಿ ಹೋಗುವವರಿಗೆ ಕೂಡ ನನ್ನ ಟೊಮೆಟೊ ಹಂಚುತ್ತಿದ್ದಳು.

"ಇದು ನನ್ನ ಕೊಸರಲ್ಲ ಯವ್ವಾ, ಬಂಡಿಯಾಕಿದು. ಇವತ್ತೇ ಸಾರು ಮಾಡ್ರಿ, ನಾಳಿಗಿರಂಗಿಲ್ಲ. ನಾಳಿಂದ ಉಳ್ಳಾಗಡ್ಡಿ, ಬಟಾಟಿ ಆಕಿ ಕಡೆ ತಗೋರಿ. ಅವೆರಡು ನಾ ಇನ್ನ ತರಂಗಿಲ್ಲ."

ನನ್ನ ಮೈಯೆಲ್ಲ ಉರಿದುಹೋಯಿತು. ಓಡಿ ಹೋಗಿ ಕ್ರೇಟು ಹಿಡಿದುಕೊಂಡೆ. "ಯಾರನ್ನ ಕೇಳಿ ಹಂಚಾಕತ್ತೀದಿ ಅಕ್ಕಾ?"

"ಕೇಳಿದ್ರ ಕೊಡ್ತಿದ್ದೀ?"

"ಇಲ್ಲ!"

"ಅದಕ್ಕ ಕೇಳಲಿಲ್ಲ," ಎಂದಳು. "ಬಿಡು, ಕ್ರೇಟ ಬಿಡು. ಮಂದಿ ನೋಡಾಕತ್ತಾರ."

ಮರುದಿನ ದಲಾಲಿಯ ಹತ್ತಿರ ಉದ್ರಿ ಹೇಳಿ ಒಂದು ಚೀಲ ಉಳ್ಳಾಗಡ್ಡಿ, ಅರ್ಧ ಚೀಲ ಬಟಾಟಿ ಹಾಕಿಕೊಂಡು ಹೋದೆ. ಮಂದಿ ಬಂದರು. ನಮ್ಮ ವ್ಯಾಪಾರದಲ್ಲಿ ಬಾಡದ, ಕೊಳೆಯದ, ದಿನಾ ಬೇಕಾಗುವ ಮಾಲು ಅವೆರಡೇ. ಸೊಪ್ಪು ಇಳಿಸಂಜೆಗೆ ಸಾಯುತ್ತದೆ, ಉಳ್ಳಾಗಡ್ಡಿ ನಾಳೆಗೂ ಇರುತ್ತದೆ. ಅಂಥ ಮಾಲನ್ನು ಆಕೆ ಬಿಟ್ಟುಕೊಟ್ಟಿದ್ದಳು. ಮುಂದೆ ಉಳ್ಳಾಗಡ್ಡಿಯೇ ತುಟ್ಟಿಯಾಗಿ ಎಲ್ಲರೂ ಅದರ ಹಿಂದೆ ಬಿದ್ದಾಗಲೂ ಆಕೆ ಆ ಕಡೆ ತಿರುಗಿ ನೋಡಲಿಲ್ಲ. ನನ್ನ ಬಂಡಿ ನಿಲ್ಲಲಿಲ್ಲ, ನಿಧಾನವಾಗಿ ಆಟೊಗೆ ಟೈರೂ ಬಂತು.

ಇಷ್ಟಾದ ಮೇಲೆ ನನ್ನ ಹೊಟ್ಟೆಕಿಚ್ಚು ಆರಿತು ಎಂದುಕೊಳ್ಳಬೇಡಿ. ಹೆಚ್ಚಾಯಿತು. ಉಳ್ಳಾಗಡ್ಡಿಗೆ ಬಂದವರೆಲ್ಲ ಮೊದಲು ಆಕೆಯ ಕಡೆ ನೋಡಿ ನಕ್ಕು ಆಮೇಲೆ ನನ್ನ ಬಂಡಿಯ ಹತ್ತಿರ ಬರುತ್ತಿದ್ದರು. ನನ್ನ ಹಣ್ಣು ಹಂಚಿ ಹೆಸರು ಮಾತ್ರ ಆಕೆ ತೆಗೆದುಕೊಂಡಳಲ್ಲ! ಕೆಡುಕು ಮಾಡಿದವರನ್ನು ಬೈದು ಮರೆಯಬಹುದು, ಒಳ್ಳೆಯದು ಮಾಡಿ ಪಕ್ಕದಲ್ಲೇ ಕೂತಿರುವವರನ್ನು ಏನು ಮಾಡುವುದು? ನಾನೂ ಆಕೆಯ ಹಾಗೆ ಕೊಸರು ಹಾಕಲು ಕಲಿತೆ. ಆದರೆ ಹಾಕುವಾಗ ನನ್ನ ಮುಖದ ಮೇಲೆ ಲೆಕ್ಕ ಕಾಣುತ್ತದೆ ಎಂದು ಮಗಳು ಹೇಳುತ್ತಾಳೆ.

ಹೋದ ಚಳಿಗಾಲದಲ್ಲಿ ಆಕೆ ಕೆಲವು ದಿನ ಬರಲಿಲ್ಲ. ಮಗಳ ಮನೆಗೆ ಹೋಗಿರಬೇಕು ಎಂದುಕೊಂಡೆ, ಒಳಗೊಳಗೆ ಆರಾಮೂ ಅನಿಸಿತು. ಆಮೇಲೆ ಟೆಂಪೋದವನು ಗಾಡಿ ನಿಲ್ಲಿಸಿ ಹೇಳಿದ, "ಕಮಲಾಪುರದಾಕಿ ಹೋದ್ಳ್ರಿ ಅಕ್ಕಾ. ಎದಿ ನೋವು ಬಂತಂತ. ಮಣ್ಣೂ ಆಯ್ತು."

ಬಂಡಿ ಮುಚ್ಚಿ ಬಸ್ಸು ಹತ್ತಿ ಕಮಲಾಪುರಕ್ಕೆ ಹೋದೆ. ಮಣ್ಣಾಗಿ ದಿನಗಳು ಕಳೆದಿದ್ದರೂ ಅಂಗಳದಲ್ಲಿ ಮಾತಾಡಿಸಲು ಬಂದವರು ತುಂಬಿದ್ದರು. ಸೇಡಂ ರಸ್ತೆಯ ನಮ್ಮ ಗಿರಾಕಿಗಳೂ ಇದ್ದರು, ಅಷ್ಟು ದೂರ! ಆಪಾ ಗೋಡೆಗೆ ಒರಗಿ ಕೂತು ಕಣ್ಣು ಒರೆಸಿಕೊಳ್ಳುತ್ತಿದ್ದರು. ನಾನು ಸತ್ತರೆ ಇವರಲ್ಲಿ ಎಷ್ಟು ಮಂದಿ ಬಂದಾರು ಎಂದು ಅಲ್ಲಿಯೂ ಮನಸ್ಸು ಎಣಿಸತೊಡಗಿತು. ನನಗೆ ಅಳು ಬರಲಿಲ್ಲ.

ಆಕೆಯ ಹಿರಿಯ ಮಗಳು ನೀರು ತಂದುಕೊಟ್ಟು ನನ್ನನ್ನು ದಿಟ್ಟಿಸಿದಳು. "ನೀವು ಅವ್ವನ ಬಾಜೂಕ ನಿಂದ್ರೋ ಬಂಡಿಯಾಕಿ ಏನ್ರೀ?"

"ಹೌದವ್ವಾ."

ಅವಳಿಗೆ ಅಷ್ಟು ದುಃಖದಲ್ಲೂ ಸ್ವಲ್ಪ ನಗು ಬಂತು. "ಸಿಟ್ಟಾಗಬ್ಯಾಡ್ರಿ, ನಿಮ್ಮ ಮ್ಯಾಲ ಅವ್ವಗ ಭಾಳ ಹೊಟ್ಟಿಕಿಚ್ಚಿತ್ತು. ದಿನಾ ಮನಿಗೆ ಬಂದು ನಿಮ್ಮದೇ ಸುದ್ದಿ. ಆಕಿ ನೆರಳಾಗ ನಿಂದರ್ತಾಳ, ನಾ ಬಿಸಲಾಗ ಕುಂದರ್ತೀನಿ ಅಂತಿದ್ಲು. ಆಕೀನ್ನ ಕರಕೊಂಡು ಹೋಗಾಕ ಗಂಡ ಆಟೊ ತರ್ತಾನ, ನಾ ಟೆಂಪೋದಾಗ ಬುಟ್ಟಿ ಅಪ್ಪಕೊಂಡು ಬರ್ತೀನಿ ಅಂತಿದ್ಲು."

ನಾನು ನೀರಿನ ಲೋಟ ಕೆಳಗಿಟ್ಟೆ.

"ಆ ಟಮಾಟಿ ತುಟ್ಟಿ ಆಗಿ ಬಿದ್ದಾಗ ನೋಡ್ರಿ, ನಾನೇ ಅವ್ವನ್ನ ಬೈದೆ. ಉಳ್ಳಾಗಡ್ಡಿ, ಬಟಾಟಿ ಯಾಕ ಬಿಟ್ಟುಕೊಟ್ಟಿ, ಆಕೀನ್ನ ಕಂಡ್ರ ನಿನಗ ಆಗಂಗಿಲ್ಲಲ್ಲ ಅಂದೆ. ಅದಕ್ಕ ಅವ್ವ ಏನಂದ್ಲು ಗೊತ್ತದ ಏನ್ರೀ? 'ಆಕಿ ಬಂಡಿ ನಿಂತ್ರ ನಾ ದಿನಾ ಯಾರನ್ನ ನೋಡಿ ಉರ್ಕೊಳ್ಳಲಿ?' ಅಂದ್ಲು."

ನನ್ನ ಮೇಲೆ! ತುಕ್ಕು ಹಿಡಿದ ಗಾಲಿ, ಹರಿದ ತಾಡಪತ್ರಿ, ದಾರಿಯುದ್ದಕ್ಕೂ ಗೊಣಗುತ್ತ ಕರೆದೊಯ್ಯುವ ಗಂಡ. ಇವನ್ನು ನೋಡಿ ಒಬ್ಬಾಕೆ ದಿನಾ ಹೊಟ್ಟೆ ಉರಿದುಕೊಳ್ಳುತ್ತಿದ್ದಾಳೆ ಎಂದು ಗೊತ್ತಿದ್ದರೆ ಆ ಬಂಡಿಯ ಮುಂದೆ ನಾನು ಎಂಥ ಗತ್ತಿನಿಂದ ನಿಲ್ಲುತ್ತಿದ್ದೆ. ಬದುಕಿರುವಷ್ಟು ಕಾಲ ಇದೊಂದನ್ನು ಮಾತ್ರ ನನಗೆ ಕೊಡದೆ ಇಟ್ಟುಕೊಂಡು ಹೋದಳು. ಆಗ ನನಗೆ ಅಳು ಬಂತು. ಅಂಗಳದ ಮಂದಿಯೆಲ್ಲ ತಿರುಗಿ ನೋಡಿದರು, ಆಪಾ ಎದ್ದು ಬಂದು ಹೆಗಲು ಹಿಡಿದರು. ನಾನು ನಿಲ್ಲಿಸಲಿಲ್ಲ, ಆಕೆಯ ಮಕ್ಕಳಿಗಿಂತ ಜೋರಾಗಿ ಅತ್ತೆ.