ಕಿಟಕಿಯ ಮಾತು ಬಿಟ್ಟು ಬರೆದ ಪತ್ರ

ಅಡಿಗೆಮನೆಯ ಗೂಡು ಒರೆಸುವುದು ನಿವೃತ್ತಿಯ ಮೇಲೆ ನನಗೆ ಸಿಕ್ಕಿರುವ ಉದ್ಯೋಗ. ಮೊನ್ನೆ ತೊಗರಿಬೇಳೆ ಡಬ್ಬ ಎತ್ತಿ, ಕೆಳಗೆ ಹಾಸಿದ್ದ ಹಳೆಯ ಪೇಪರು ಎಳೆದೆ. ಜಿಡ್ಡು ಹಿಡಿದ ಹಾಳೆಯ ಮೇಲೆ ಡಬ್ಬದ ದುಂಡನೆಯ ಗುರುತು. ಅದರ ನಟ್ಟನಡುವೆ, ವಾಚಕರ ಪತ್ರಗಳ ಸಾಲಿನಲ್ಲಿ, ನನ್ನದೇ ಹೆಸರು! ಯಾರಿಗೆ ತಾನೆ ಖುಷಿಯಾಗುವುದಿಲ್ಲ ಹೇಳಿ? ಕನ್ನಡಕ ಏರಿಸಿಕೊಂಡು ನೆಲದ ಮೇಲೇ ಕೂತು ಓದಿದೆ. ನಾಲ್ಕನೇ ಸಾಲಿಗೆ ಬರುವಷ್ಟರಲ್ಲಿ ಖುಷಿಯೆಲ್ಲ ಇಳಿದುಹೋಗಿತ್ತು.

ಅದು ೨೦೦೮ರ ಪತ್ರ. ಗಾಂಧಿ ಜಯಂತಿಯಿಂದ ಹೋಟೆಲು, ಬಾರು, ಪಬ್ಬುಗಳಲ್ಲಿ ಸಿಗರೇಟು ಸೇದುವಂತಿಲ್ಲ ಎಂದು ಸರ್ಕಾರ ಹೇಳಿತ್ತು. ಒಬ್ಬ ವಕೀಲ, ಇಬ್ಬರು ಮೇಷ್ಟ್ರುಗಳು, ಬ್ಯಾಂಕಿನ ಗುಮಾಸ್ತನಾದ ನಾನು, ಹೀಗೆ ನಾವು ನಾಲ್ವರು ಗೆಳೆಯರು ಪ್ರತಿ ಶನಿವಾರ ಸಂಜೆ ಅಗ್ರಹಾರದ ಆಚೆಯ ಒಂದು ಪಬ್ಬಿನಲ್ಲಿ ಸೇರುತ್ತಿದ್ದೆವು. ಪಬ್ಬು ಎಂದ ಕೂಡಲೇ ಏನೇನೋ ಕಲ್ಪಿಸಿಕೊಳ್ಳಬೇಡಿ. ತೊಂಬತ್ತರ ದಶಕದ ಶುರುವಿನಲ್ಲಿ ಅದು ಬರೀ ಬಾರು. ಬೆಂಗಳೂರು ನೋಡಿಬಂದ ಓನರು ಬೋರ್ಡು ಬದಲಿಸಿದರು, ಎಸಿ ಹಾಕಿಸಿದರು, ತಂಪು ಹೊರಗೆ ಹೋಗದಿರಲೆಂದು ಒಳಗಿನ ಹಾಲಿನಲ್ಲಿದ್ದ ಒಂದೇ ಒಂದು ಕಿಟಕಿಗೆ ಇಟ್ಟಿಗೆ ಇಟ್ಟು ಮುಚ್ಚಿಸಿದರು. ಅಷ್ಟಕ್ಕೇ ಪಬ್ಬಾಗಿಬಿಟ್ಟಿತು. ನೆಂಚಿಕೊಳ್ಳಲು ಮಾತ್ರ ಅದೇ ಹಳೆಯ ಕಡಲೆಬೀಜ.

ಅಲ್ಲಿ ನಮ್ಮ ಟೇಬಲ್ಲಿನ ಕಾಯಂ ಸಪ್ಲೈಯರ್ ಪುಟ್ಟಸ್ವಾಮಿ. ನನಗಿಂತ ಎರಡು ವರ್ಷ ದೊಡ್ಡವನು, ಆದರೂ ನಮ್ಮೆಲ್ಲರ ಬಾಯಲ್ಲಿ ಏಕವಚನ. ಬೀಡಿ, ಸಿಗರೇಟು, ಕುಡಿತ ಯಾವುದನ್ನೂ ಮುಟ್ಟಿದವನಲ್ಲ. ಆಷಾಢ ಶುಕ್ರವಾರಗಳಂದು ಬೆಳಗ್ಗೆ ಮೆಟ್ಟಿಲು ಹತ್ತಿ ಬೆಟ್ಟದ ದೇವಿಯ ದರ್ಶನಕ್ಕೆ ಹೋಗಿಬರುತ್ತಿದ್ದ. ತಂದ ಕುಂಕುಮವನ್ನು ಬಾರಿನ ಒಳಗೆ ಕೊಡುತ್ತಿರಲಿಲ್ಲ. ನಾವು ಹೊರಡುವಾಗ ಕೈ ತೊಳೆದು, ಒರೆಸಿಕೊಂಡು, ಸ್ಕೂಟರಿನ ಹತ್ತಿರ ಓಡಿಬಂದು ಪೊಟ್ಟಣ ಕೊಡುತ್ತಿದ್ದ. "ಎಲ್ಲೂ ಕೂರ್ನಿಲ್ಲ ಸಾರ್, ಒಂದೇ ಉಸ್ರಿಗೆ ಹತ್ಬುಟ್ಟೆ" ಎನ್ನುವುದು ಅವನ ಹೆಮ್ಮೆ. ಬರುಬರುತ್ತಾ, ನಡುದಾರಿಯ ನಂದಿಯ ಹತ್ತಿರ ಸ್ವಲ್ಪ ಕೂತೆ ಎನ್ನತೊಡಗಿದ. ಆ ವರ್ಷದ ಆಷಾಢದಲ್ಲಿ ಬಸ್ಸಿಗೆ ಹೋಗಿಬಂದೆ ಎಂದ. "ವಯಸ್ಸಾಯ್ತು ಕಣಯ್ಯ ನಿಂಗೆ" ಎಂದು ನಕ್ಕು ನಾವು ಸ್ಕೂಟರ್ ಹತ್ತಿದೆವು.

ನಿಷೇಧದ ಸುದ್ದಿ ಬಂದದ್ದೇ ನಮ್ಮ ಟೇಬಲ್ಲಿಗೆ ಜೀವ ಬಂತು. ವಕೀಲ ಸಂವಿಧಾನವನ್ನೇ ಎಳೆದು ತಂದ. ಒಬ್ಬ ಮೇಷ್ಟ್ರು, "ಇವತ್ತು ಸಿಗರೇಟು, ನಾಳೆ ಕಾಫಿ ಕಣ್ರೀ, ನೋಡ್ತಿರಿ!" ಎಂದು ಟೇಬಲ್ ಕುಟ್ಟಿದರು. ಪುಟ್ಟಸ್ವಾಮಿ ತುಂಬಿದ ಆಶ್‌ಟ್ರೇ ಒಯ್ದು ಖಾಲಿಯದನ್ನು ತಂದಿಟ್ಟ. ಪತ್ರಿಕೆಗೆ ಬರೆಯಲೇಬೇಕು ಎಂದಾಯಿತು. ಬ್ಯಾಂಕಿನ ಬೀಳ್ಕೊಡುಗೆ ಭಾಷಣಗಳನ್ನೆಲ್ಲ ಬರೆದುಕೊಡುತ್ತಿದ್ದ ನನಗೆ ನನ್ನ ಕನ್ನಡದ ಮೇಲೆ ವಿಪರೀತ ಮೋಹ. ಅಲ್ಲೇ ಪೆನ್ನು ತೆಗೆದೆ.

"ಸೇದೋರೇ ಬರೆದ್ರೆ ಯಾರು ಕೇಳ್ತಾರೋ? ಕೆಲಸದವರ ಹೆಸರೂ ಇರ್ಲಿ" ಎಂದ ವಕೀಲ. ಎಲ್ಲರೂ ಪುಟ್ಟಸ್ವಾಮಿಯ ಕಡೆ ತಿರುಗಿದೆವು. ಅವನ ಅಭಿಪ್ರಾಯ ಏನೆಂದು ಆಗಲೂ ಕೇಳಲಿಲ್ಲ. ನಾನೇ ಬರೆದು ಅವನಿಗೆ ಓದಿ ಹೇಳಿದೆ: "ವರ್ಷಗಟ್ಟಲೆಯಿಂದ ಇಲ್ಲಿ ದುಡಿಯುತ್ತಿರುವ ಶ್ರೀ ಪುಟ್ಟಸ್ವಾಮಿಯವರೇ ಹೇಳುವಂತೆ, ಈ ಹೊಗೆಯಿಂದ ಅವರಿಗೆ ಎಳ್ಳಷ್ಟೂ ತೊಂದರೆಯಿಲ್ಲ. ತೊಂದರೆಯಾಗುವುದು ಗಿರಾಕಿಗಳು ಬಾರದೆ ಕೆಲಸ ಹೋದಾಗ." ಹದಿನೈದು ವರ್ಷದಲ್ಲಿ ಅವನಿಗೆ ನಾನು ಬಹುವಚನ ಕೊಟ್ಟದ್ದು ಆ ಸಾಲಿನಲ್ಲಿ ಮಾತ್ರ.

ಪುಟ್ಟಸ್ವಾಮಿ ಬಗ್ಗಿ, ಮೆಲ್ಲಗೆ ಕೇಳಿದ: "ಸಾರ್, ಅದ್ರಲ್ಲೇ ಒಂದ್ ಮಾತು ಸೇರಿಸ್ಬುಡಿ. ಆ ಮುಚ್ಚಿರೋ ಕಿಟಕಿ ತೆಗೆಸ್ಲಿ ಅಂತ. ಸಂಜೆ ಆದ್ರೆ ಎದೆ ಕಟ್ಕೊಂಡ್ಬುಡ್ತದೆ."

"ಅದನ್ನ ಸೇರಿಸಿದ್ರೆ ನಮ್ಮ ವಾದವೇ ಬಿದ್ದೋಗುತ್ತಲ್ಲೋ! ಹೊಗೆಯಿಂದ ತೊಂದ್ರೆ ಅಂತ ನಾವೇ ಒಪ್ಕೊಂಡ ಹಾಗಾಗುತ್ತೆ" ಎಂದೆ.

"ಅಂಗಾ ಸಾರ್? ಅಂಗಾದ್ರೆ ಬ್ಯಾಡ ಬುಡಿ" ಎಂದು ಸಹಿ ಹಾಕಿ, ಟ್ರೇ ಎತ್ತಿಕೊಂಡು ಹೋದ.

ಪತ್ರ ಅಚ್ಚಾಯಿತು. ನಿಷೇಧದ ಮೊದಲ ದಿನ ನಮ್ಮ ಪಬ್ಬಿನಲ್ಲಿ ಒಬ್ಬನೂ ಸೇದಲಿಲ್ಲ, ಏಕೆಂದರೆ ಗಾಂಧಿ ಜಯಂತಿಯಂದು ಪಬ್ಬಿಗೇ ಬೀಗ. ಆಮೇಲೆ ಓನರು ಒಂದು ದಾರಿ ಹುಡುಕಿದರು. ಸೇದುವವರಿಗೆ ಬೇರೆ ಕೋಣೆ ಇಡಬಹುದಂತೆ. ಕಿಟಕಿಯಿಲ್ಲದ ಆ ಒಳಹಾಲಿಗೇ ಗಾಜಿನ ಬಾಗಿಲು ಹಾಕಿಸಿ, 'ಧೂಮಪಾನಿಗಳಿಗೆ ಮಾತ್ರ' ಎಂದು ಬೋರ್ಡು ತಗುಲಿಸಿದರು. ಒಳಗಿನ, ಮುಂದಿನ ಎರಡೂ ಹಾಲುಗಳ ಹೊಗೆಯೆಲ್ಲ ಈಗ ಆ ಒಂದರಲ್ಲಿ. ನಾವು ಗೆದ್ದೆವೆಂದು ಒಳಗೆ ಕೂತು ಹಚ್ಚಿದೆವು. ಸಪ್ಲೈ ಮಾಡಲು ಬಂದವನು ಪುಟ್ಟಸ್ವಾಮಿ.

"ಮುಂದಿನ್ ಹಾಲಿಗೆ ಹಾಕಿ ಅಂತ ಓನರ್ನ ಕೇಳ್ದೆ ಸಾರ್" ಎಂದ. "ಪೇಪರ್ನಲ್ಲೇ ಹಾಕ್ಸಿದೀಯಲ್ಲಪ್ಪ, ಹೊಗೆ ನಿಂಗೇನೂ ಮಾಡಲ್ಲ ಅಂತ, ಬೇರೆಯೋರ್ನ ಯಾಕೆ ಕಳಿಸ್ಲಿ, ಅಂದ್ರು." ಹೇಳಿ ನಕ್ಕ. ನಗು ಕೆಮ್ಮಾಯಿತು. ಒಂದು ಕೈಯಲ್ಲಿ ಟ್ರೇ ಹಿಡಿದುಕೊಂಡೇ ಗೋಡೆಗೆ ಒರಗಿ ಕೆಮ್ಮಿದ.

ಓನರ ಹತ್ತಿರ ಮಾತಾಡುತ್ತೇನೆ ಎಂದು ಅವನಿಗೆ ಮಾತು ಕೊಟ್ಟೆ. ಮಾತಾಡಲಿಲ್ಲ. ಮರೆತೆ ಎಂದರೆ ಅದು ಇನ್ನೊಂದು ಸುಳ್ಳಾದೀತು. ಶನಿವಾರ ಶನಿವಾರ ಓನರು ಕೂರುವ ಗಲ್ಲಾ ದಾಟಿಯೇ ಒಳಗೆ ಹೋಗುತ್ತಿದ್ದೆ. ಓನರು ನಗುತ್ತಾ ಕೈಮುಗಿದು, "ನಿಮ್ಮ ಪತ್ರ ಭೇಷಾಗಿತ್ತು ಸಾರ್" ಎನ್ನುತ್ತಿದ್ದರು. ಆ ಹೊಗಳಿಕೆ ಕಳೆದುಕೊಳ್ಳಲು ನನಗೆ ಮನಸ್ಸಾಗಲಿಲ್ಲ, ಅಷ್ಟೇ. ಎಂಥ ಅಲ್ಪ ನಾನು!

ಮುಂದಿನ ಆಷಾಢದಲ್ಲಿ ಕುಂಕುಮ ಬರಲಿಲ್ಲ. ಪುಟ್ಟಸ್ವಾಮಿ ಕೆಲಸ ಬಿಟ್ಟಿದ್ದ. ಅಶೋಕಪುರಂನ ಅವನ ಮನೆ ಹುಡುಕಿಕೊಂಡು ಹೋದೆ. ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ. ಒಂದೊಂದು ಮಾತಿಗೂ ನಡುವೆ ಉಸಿರೆಳೆದುಕೊಳ್ಳಬೇಕಿತ್ತು. ನಾನು ಏನೇನೋ ತೊದಲಿದೆ. "ಬುಡಿ ಸಾರ್... ಬರೆದಿದ್ದು ಚೆನ್ನಾಗೇ ಇತ್ತು... ನನ್ನೆಂಡ್ತಿ ಕಟ್ ಮಾಡಿ ಮಡಗವ್ಳೆ" ಎಂದ. ನನ್ನನ್ನು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ದಸರಾ ಬರುವ ಮುಂಚೆಯೇ ಹೋಗಿಬಿಟ್ಟ.

ಇನ್ನೊಂದು ವಿಷಯ ನಿಮಗೆ ಹೇಳದಿದ್ದರೆ ಆಗುವುದಿಲ್ಲ. ಆ ವರ್ಷವೇ ನನ್ನ ಎಕ್ಸ್‌ರೇ ನೋಡಿ ಡಾಕ್ಟರು ಹುಬ್ಬು ಗಂಟಿಕ್ಕಿದರು. ಸಂವಿಧಾನ ಕೊಟ್ಟ ಹಕ್ಕು ಎಂದು ನಾನು ಅಷ್ಟೆಲ್ಲ ಹಾರಾಡಿದ್ದೆನಲ್ಲ, ಆ ಸಿಗರೇಟನ್ನು ಎರಡೇ ವಾರದಲ್ಲಿ ಬಿಟ್ಟೆ. ಬಿಡಲು ಶುಂಠಿ ಪೆಪ್ಪರ್‌ಮಿಂಟೇ ಸಾಕಾಯಿತು.

"ರೀ, ಅಲ್ಲೇ ಕೂತ್ಬುಟ್ರಾ? ಏನದು ಪೇಪರ್ನಲ್ಲಿ?" ಎಂದಳು ಹೆಂಡತಿ, ಒಲೆಯ ಮುಂದಿನಿಂದ.

"ನಾನು ಬರೆದ ಸುಳ್ಳು" ಎಂದೆ.

ಅವಳಿಗೆ ಕೇಳಿಸಿತೋ ಇಲ್ಲವೋ. ಒಗ್ಗರಣೆಗೆ ಒಣಮೆಣಸಿನಕಾಯಿ ಹಾಕಿದ್ದಳು. ಘಾಟು ಎದ್ದು, ಸೆರಗು ಮೂಗಿಗೆ ಹಿಡಿದು ಕೆಮ್ಮತೊಡಗಿದಳು. ಕಿಟಕಿಯ ಕಡೆ ಕೈ ತೋರಿಸಿದಳು. ಎದ್ದು ಚಿಲಕ ಸರಿಸಿ ತಳ್ಳಿದೆ. ಗಾಳಿ ಬಂತು. ಅವಳ ಕೆಮ್ಮು ನಿಂತಾಗ ನನ್ನ ಕೈ ಇನ್ನೂ ಚಿಲಕದ ಮೇಲೇ ಇತ್ತು.