ಕಲ್ಲಾದ ಹುಳ

ನಿಜಾಮರ ಕಾಲದಲ್ಲಿ ಮುದಗಲ್ಲಿನ ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಕಲ್ಲುಕುಟಿಗನ ಹೆಂಡತಿ ಇದ್ದಳು. ತಿರುಚಿನಾಪಳ್ಳಿ ಕಡೆ ಕೆಲಸಕ್ಕೆ ಹೋಗಿದ್ದ ಗಂಡ ಆಕೆಗೊಂದು ಕಲ್ಲು ತಂದುಕೊಟ್ಟಿದ್ದ. ಅದರಲ್ಲಿ ಶಂಖದಂಥ ಹುಳವೊಂದರ ಸುರುಳಿ ಅಚ್ಚೊತ್ತಿದಂತೆ ಕಾಣುತ್ತಿತ್ತು. ಬಂದವರು ಸಾಲಿಗ್ರಾಮವೆಂದು ಕೈಮುಗಿದರೆ ಆಕೆ ಸೆರಗಿನಿಂದ ಕಲ್ಲು ಒರೆಸುತ್ತ ನಗುತ್ತಿದ್ದಳು: "ದೇವರಲ್ರೀ, ಸತ್ತ ಹುಳ. ಅಲ್ಲಿ ಹಿಂದಕ ಸಮುದ್ರ ಇತ್ತಂತ."

ಕಾಲರಾ ಬಂದ ವರ್ಷ ಆಕೆಯ ಮಗ ತೀರಿಕೊಂಡ. ಊರಿನ ಹೆಣಗಳನ್ನೆಲ್ಲ ಒಂದೇ ಗುಂಡಿಗೆ ಹಾಕಿ, ಸುಣ್ಣ ಸುರಿದು ಮುಚ್ಚಿದರು. ತಾಯಿಯನ್ನು ಹತ್ತಿರಕ್ಕೂ ಬಿಡಲಿಲ್ಲ.

ಎಷ್ಟೋ ತಿಂಗಳ ಮೇಲೆ ಒಂದು ಮಧ್ಯಾಹ್ನ ಆಕೆ ಆ ಕಲ್ಲು ಹಿಡಿದುಕೊಂಡು ಬಂದು ನಮ್ಮವ್ವನ ಮುಂದೆ ಕೂತಳು.

"ಅಕ್ಕಾ, ಈ ಹುಳದ ಒಂದೊಂದು ಗೆರಿನೂ ಇನ್ನೂ ಹಂಗ ಉಳದೈತಿ," ಎಂದಳು. "ನನ್ನ ಮಗನ ಮುಖ ನೆನಪಾಗವಲ್ದು."