ಹಾರ್ನಕ್ಕನ ಕಾರು ಯಾಕೆ ನಿಲ್ಲುತ್ತಿತ್ತು

ಹಾರ್ನಕ್ಕನಿಗೆ ಎರಡು ತಿಂಗಳು ಹದಿನೇಳು ದಿನದ ಸಂಬಳ ಬರಬೇಕು. ಇವತ್ತಿನವರೆಗೂ ಬಂದಿಲ್ಲ.

ಹೆಸರು ಹಾರ್ನಕ್ಕ ಅಂತಿದ್ದರೂ ಹಾರ್ನ್ ಮುಟ್ಟುವವಳಲ್ಲ. ಯಾರಾದರೂ ಅಡ್ಡ ಬಂದರೆ ಕಿಟಕಿಯ ಗಾಜಿಳಿಸಿ ಬಾಯಲ್ಲೇ ಜಾಡಿಸುತ್ತಾಳೆ. ಗಂಡ ತೀರಿಕೊಂಡ ಮೇಲೆ ಸ್ಟಿಯರಿಂಗ್ ಹಿಡಿದವಳು. ಹತ್ತೊಂಬತ್ತು ವರ್ಷದಿಂದ ಕಚೇರಿ ನೌಕರರನ್ನು ಮನೆಯಿಂದ ಹತ್ತಿಸಿಕೊಂಡು ಹೋಗಿ, ಮತ್ತೆ ಮನೆಗೆ ತಂದು ಬಿಡುವ ಕೆಲಸ. ಕಾರು ಮಾಲೀಕನದು, ಬೆನ್ನುನೋವು ಇವಳದು.

ಮೂರು ತಿಂಗಳ ಹಿಂದೆ ಆ ಕಾರು ಕಾಟ ಕೊಡಲು ಶುರುಮಾಡಿತು. ನೆಟ್ಟಗೆ ಓಡುತ್ತಿದ್ದದ್ದು ನಡುರಸ್ತೆಯಲ್ಲಿ ಗಪ್ಪನೆ ನಿಲ್ಲುತ್ತಿತ್ತು. ಹಿಂದೆ ಕೂತವರು ಮುಖ ಗಂಟಿಕ್ಕಿಕೊಂಡು ಇಳಿಯುವರು. ಅವರೆಲ್ಲ ಇಳಿದ ಮೇಲೆ ಕೀ ತಿರುಗಿಸಿದರೆ ಏನೂ ಆಗದ ಹಾಗೆ ಚಾಲೂ. ಗ್ಯಾರೇಜಿಗೆ ಒಯ್ದರಂತೂ ಅದರಷ್ಟು ಸಾಧು ಇನ್ನೊಂದಿಲ್ಲ. ಗ್ಯಾರೇಜಿನವನು ಮಾಲೀಕನ ಹೆಂಡತಿಯ ತಮ್ಮ. ಒಬ್ಬನೇ ಕೂತು ಎರಡು ಸುತ್ತು ಓಡಿಸಿಕೊಂಡು ಬಂದವನು, "ಭಾವ, ಗಾಡಿಗೇನೂ ಆಗಿಲ್ಲ. ಓಡಿಸೋರಿಗೆ ಮೈ ಬಗ್ಗಲ್ಲ, ಅಷ್ಟೇ" ಅಂದ.

ಮಾಲೀಕ ಸಂಬಳ ತಡೆಹಿಡಿದ. ತಿಂಗಳ ಮೇಲೆ ತಿಂಗಳು ತಡೆದು, ಕೊನೆಗೊಂದು ಶನಿವಾರ ಹೇಳಿದ: "ನಾಳೆ ಗಾಡಿ ನಿನ್ನ ಮನೇಲೇ ಇರ್ಲಿ. ಸೋಮವಾರ ಸರಿಯಾಗಿದ್ರೆ ಪೂರ್ತಿ ಸಂಬಳ ಎಣಿಸ್ತೀನಿ. ಇಲ್ಲಾಂದ್ರೆ ಕೀ ಇಟ್ಟು ಹೋಗ್ತಿರು."

ಭಾನುವಾರ ಬೆಳಿಗ್ಗೆಯೇ ಹಾರ್ನಕ್ಕ ಬಾನೆಟ್ ಎತ್ತಿದಳು. ಬ್ಯಾಟರಿಯ ತುದಿಗಳನ್ನು ಉಜ್ಜಿದಳು, ಸಡಿಲ ಕಂಡದ್ದನ್ನೆಲ್ಲ ಬಿಗಿದಳು, ಫ್ಯೂಸ್ ಒಂದೊಂದಾಗಿ ತೆಗೆದು ನೋಡಿದಳು. ಇಂಜಿನ್ ಒಂದು ಗಂಟೆ ಒಂದೇ ಸಮ ಗುರುಗುಟ್ಟಿತು, ನಿಲ್ಲಲಿಲ್ಲ. ಒಳಗಿಂದ ಅತ್ತೆ ಕೆಮ್ಮುತ್ತ ಬಂದಳು. ದೊಡ್ಡ ಆಳು, ಮಂಡಿ ಹಿಡಿದುಕೊಂಡೇ ನಡೆಯುವವಳು.

"ಏನೇ, ಹೊಗೆ ಹಾಕಿ ನನ್ನ ಕಳಿಸೋ ಯೋಚನೆನಾ?"

"ಹೊಗೆಗೆಲ್ಲ ಹೋಗೋ ಪೈಕಿನಾ ನೀವು? ಸುಮ್ನೆ ಒಳಗಿರಿ ಅತ್ತೆ."

"ಮಂಡಿ ನೋಯ್ತಿದೆ, ಇಲ್ಲೇ ಕೂರ್ತೀನಿ. ಹತ್ತೊಂಬತ್ತು ವರ್ಷ ಊರೋರನ್ನೆಲ್ಲ ಕೂರಿಸ್ಕೊಂಡು ತಿರುಗಿದೀಯ, ನನ್ನ ಒಂದಿನ ಕರ್ಕೊಂಡು ಹೋಗಿದೀಯಾ?" ಎನ್ನುತ್ತ ಅತ್ತೆ ಹಿಂದಿನ ಸೀಟಿಗೆ ಏರಿ, ಕಾಲು ಚಾಚಲು ನಡುವಿಗೆ ಸರಿದಳು.

ಇಂಜಿನ್ ಸತ್ತಿತು.

"ನಾನೇನೂ ಮುಟ್ಟಿಲ್ಲಮ್ಮ!"

"ಏಳಿ ಅತ್ತೆ." ಎದ್ದಳು. ಕೀ ತಿರುಗಿಸಿದರೆ ಚಾಲೂ. "ಕೂತ್ಕೊಳ್ಳಿ." ಕೂತಳು. ಮತ್ತೆ ಬಂದ್.

"ನನ್ನ ಮೈ ಭಾರ ಊರಿಗೆಲ್ಲ ಸಾರ್ತಿದೀಯಲ್ಲೇ, ಮುಂಡೇದೆ!"

ಹಾರ್ನಕ್ಕ ಸೀಟು ಕಿತ್ತಳು. ಕೆಳಗೆ ನೋಡಬಾರದ ಹೊಲಸು: ಹುಳಿತ ಹಾಲಿಗೆ ಅಂಟಿಕೊಂಡ ಬಿಸ್ಕತ್ತು, ಕೂದಲ ಉಂಡೆ, ಇಲಿ ಹಿಕ್ಕೆ, ಯಾರೋ ಅಗಿದು ಮೆತ್ತಿದ ಚ್ಯೂಯಿಂಗ್ ಗಮ್ಮು. ಮೂಗು ಮುಚ್ಚಿಕೊಂಡೇ ಕೈ ಹಾಕಿದಳು. ಟ್ಯಾಂಕಿನಿಂದ ಪೆಟ್ರೋಲ್ ತಳ್ಳುವ ಮೋಟಾರಿನ ವೈರು ಅಲ್ಲಿತ್ತು. ಗಾಡಿಯಲ್ಲಿ ಅದಕ್ಕೆಂದೇ ತೋಡಿನಂಥ ದಾರಿ ಇದೆ. ಅದನ್ನು ಬಿಟ್ಟು ವೈರನ್ನು ಸೀಟಿನ ಕಬ್ಬಿಣದಡಿ ಎಳೆದಿದ್ದರು. ವೈರಿನ ತುದಿಯ ಸಾಕೆಟ್ಟನ್ನು ಕಚ್ಚಿ ಹಿಡಿಯುವ ಕೊಕ್ಕೆ ಮುರಿದಿತ್ತು, ಮೇಲೆ ಟೇಪಿನ ತುಂಡು ಸುತ್ತಿ ಕೈ ತೊಳೆದುಕೊಂಡಿದ್ದರು. ಸೀಟಿನ ನಡುವೆ ಭಾರ ಬಿದ್ದರೆ, ಇಲ್ಲವೇ ಜನ ತುಂಬಿದ ಗಾಡಿ ಹಳ್ಳದಲ್ಲಿ ಕುಲುಕಿದರೆ, ವೈರು ಜಗ್ಗಿ ಸಾಕೆಟ್ಟು ಬಾಯಿ ಬಿಡುತ್ತಿತ್ತು. ಭಾರ ಇಳಿದರೆ ಮತ್ತೆ ಕೂಡಿಕೊಳ್ಳುತ್ತಿತ್ತು. ಒಬ್ಬನೇ ಕೂತು ಓಡಿಸಿದವನಿಗೆ ಇದು ಹೇಗೆ ಸಿಕ್ಕೀತು? ಆ ಮೋಟಾರನ್ನು ಹೊಸದಾಗಿ ಹಾಕಿದ್ದೂ ಆ ಗ್ಯಾರೇಜಿನವನೇ. ಅದರ ಮರುವಾರದಿಂದಲೇ ಈ ಕಾಟ.

ಸಾಕೆಟ್ಟಿನ ಪಿನ್ನು ತಿಕ್ಕಿ, ಮುರಿದ ಕೊಕ್ಕೆಯ ಜಾಗಕ್ಕೆ ಪಟ್ಟಿ ಬಿಗಿದು, ವೈರನ್ನು ಅದರ ದಾರಿಗೆ ಕೂರಿಸಿದಳು. ಅತ್ತೆಯನ್ನೂ ಪಕ್ಕದ ಮನೆಯ ಅಕ್ಕತಂಗಿಯರಿಬ್ಬರನ್ನೂ ಹಿಂದೆ ತುರುಕಿ ಮೂವತ್ತು ಸುತ್ತು ಹೊಡೆದಳು. ಕಾರು ಕೆಮ್ಮಲೂ ಇಲ್ಲ.

ಸೋಮವಾರ ಎಲ್ಲ ಬಿಡಿಸಿ ಹೇಳಿ, ಮುರಿದ ಕೊಕ್ಕೆಯನ್ನೂ ಹಳೇ ಟೇಪನ್ನೂ ಮಾಲೀಕನ ಮೇಜಿನ ಮೇಲಿಟ್ಟಳು. ಪಕ್ಕದಲ್ಲಿದ್ದ ಭಾವಮೈದುನ ನೋಡಿದವನೇ ತಲೆ ತಗ್ಗಿಸಿ ಉಗುರು ಕೆರೆಯತೊಡಗಿದ. ಮಾಲೀಕ ನಕ್ಕ.

"ಸರಿ ಮಾಡೋಕೆ ಗೊತ್ತಿದ್ದೋಳಿಗೆ ಕೆಡಿಸೋಕೂ ಗೊತ್ತಿರುತ್ತೆ. ನಿನ್ನೆ ನೀನೇ ಕಿತ್ತಿಟ್ಟು ನಾಟಕ ಆಡ್ತಿದೀಯ. ಕೀ ಇಟ್ಟು ಹೊರಡು."

ಸೀಟಿನ ಕೆಳಗೆ ಕೈ ಹಾಕಿದಾಗ ಬಾರದ ವಾಂತಿ ಹಾರ್ನಕ್ಕನಿಗೆ ಆಗ ಬಂತು. ನುಂಗಿಕೊಂಡು ನೇರ ಕಾರ್ಮಿಕ ಕಚೇರಿಗೆ ನಡೆದಳು.

ಅಲ್ಲಿನ ಅಧಿಕಾರಿ ಕೇಳಿದ್ದು ಒಂದೇ: ಆ ಭಾನುವಾರಕ್ಕೆ ಮುಂಚೆ ಕಾರು ದಾರಿಯಲ್ಲಿ ನಿಂತದ್ದನ್ನು ಕಂಡವರು ಯಾರು? ಅತ್ತೆಯ ಸಾಕ್ಷಿ ನಡೆಯುವುದಿಲ್ಲ, ಮನೆಯವಳು, ಅದೂ ಕಂಡದ್ದು ಭಾನುವಾರ. ಕಂಡವರು ಆರು ಜನ, ಬೇರೆ ಬೇರೆ ದಿನ ಹಿಂದೆ ಕೂತಿದ್ದ ಕಚೇರಿ ನೌಕರರು. ಆರೂ ಜನರ ಮನೆ ಬಾಗಿಲಿಗೆ ಹಾರ್ನಕ್ಕ ಹೋಗಿ ಬಂದಳು. ಒಬ್ಬ ಬಾಗಿಲೇ ತೆಗೆಯಲಿಲ್ಲ. ಒಬ್ಬಳು ನೀರು ಕೊಟ್ಟು, "ನಮಗ್ಯಾಕಕ್ಕ ಈ ಗೊಡವೆ, ಕಂಪನಿಯವರು ಬೇಜಾರು ಮಾಡ್ಕೋತಾರೆ" ಅಂದಳು. ಥೂ. ಮುರಿದ ಕೊಕ್ಕೆಗಿಂತ ಈ ಮಾತು ಹೊಲಸು.

ವಿಚಾರಣೆ ಬರುವ ಬುಧವಾರ ಹನ್ನೊಂದು ಗಂಟೆಗೆ, ಕಾರ್ಮಿಕ ಕಚೇರಿಯ ಎರಡನೇ ಮಹಡಿಯಲ್ಲಿ. ಇದನ್ನು ಓದುತ್ತಿರುವ ನೀವು ಆ ಆರು ಜನರಲ್ಲಿ ಒಬ್ಬರಾಗಿದ್ದರೆ, ಮರುಗುವುದು ಬೇಡ, ಚಂದಾ ಎತ್ತುವುದೂ ಬೇಡ. ಮೆಟ್ಟಿಲು ಹತ್ತಿ ಬಂದು ಹೇಳಿ: ಕಾರು ನಿಂತಿತ್ತು, ಆಗ ನಾನು ಹಿಂದೆ ಕೂತಿದ್ದೆ.